ಕಡ್ಡಿ ಫುಲ್ ಇದೆ, ನೆಟ್ ಮಾತ್ರ ಇಲ್ಲ: ಗಾಳಿಮಳೆಯಲ್ಲಿ ಮಲೆನಾಡಿನ ಸಂಪರ್ಕ ಕಡಿಯುವುದು ಎಲ್ಲಿ?

ಮಳೆಗಾಲದಲ್ಲಿ ಮಲೆನಾಡಿಗೆ ಬಂದ ನೆಂಟರು ಒಂದು ವಿಷಯಕ್ಕೆ ತಲೆಕೆಡಿಸಿಕೊಳ್ಳುತ್ತಾರೆ. ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ. ಆದರೆ ವಾಟ್ಸ್ಆ್ಯಪ್ ಮೆಸೇಜ್ ಹೋಗುವುದಿಲ್ಲ, ಕರೆಯೂ ಹೋಗುವುದಿಲ್ಲ. ಫೋನನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಸಿಮ್ ತೆಗೆದು ಹಾಕುತ್ತಾರೆ. ನಮ್ಮ ಅಮ್ಮ ಒಳಗಿನಿಂದಲೇ ಹೇಳುತ್ತಾರೆ, "ಎಲ್ಲೋ ಮರ ಬಿದ್ದಿದೆ, ಸುಮ್ನೆ ಇಡು."

ಅಮ್ಮ ಹೇಳುವುದು ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ಆದರೆ ಮರ ಎಲ್ಲೋ ಬಿದ್ದರೆ ನಮ್ಮ ಕೈಯಲ್ಲಿರುವ ಫೋನ್ ಯಾಕೆ ಸುಮ್ಮನಾಗಬೇಕು? ಗಾಳಿ ಬೀಸಿದ ಮರುಕ್ಷಣ ಕರೆಂಟ್ ಹೋಗುತ್ತದೆ, ಆದರೆ ನೆಟ್‌ವರ್ಕ್ ನಾಲ್ಕೈದು ಗಂಟೆ ಬಿಟ್ಟು ಹೋಗುವುದು ಯಾಕೆ? ಮಧ್ಯಾಹ್ನ ಕರೆಂಟ್ ಬಂದರೂ ಮನೆಯ ವೈಫೈ ಮೂರು ದಿನ ಬರದಿರುವುದು ಯಾಕೆ? ಒಂದೊಂದಕ್ಕೂ ಬೇರೆ ಬೇರೆ ಕಾರಣ ಇದೆ. ಅದನ್ನು ತಿಳಿದುಕೊಂಡರೆ ಯಾರಿಗೆ ಫೋನ್ ಮಾಡಬೇಕು, ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಗಾಳಿಯ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬಿ ಸಮುದ್ರದ ಮೇಲೆ, ನೆಲದಿಂದ ಹೆಚ್ಚು ಕಡಿಮೆ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಗಾಳಿಯ ಒಂದು ದೊಡ್ಡ ಹೊಳೆಯೇ ಹರಿಯುತ್ತದೆ. ಆಫ್ರಿಕಾದ ಪೂರ್ವ ಕರಾವಳಿಯ ಪಕ್ಕದಿಂದ, ಸೋಮಾಲಿಯಾ ಕಡೆಯಿಂದ ತಿರುಗಿ ನಮ್ಮ ಕಡೆ ಬರುತ್ತದೆ. ಮುಂಗಾರು ಬಿರುಸಾದ ದಿನಗಳಲ್ಲಿ ಇದರ ವೇಗ ಗಂಟೆಗೆ 70 ಕಿಲೋಮೀಟರ್ ದಾಟುವುದೂ ಉಂಟು. ಈ ಹೊಳೆಗೆ ಎದುರಾಗುವ ಮೊದಲ ಗೋಡೆ ಪಶ್ಚಿಮ ಘಟ್ಟ. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಕೊಡಚಾದ್ರಿ, ಕುದುರೆಮುಖ ಇನ್ನೂ ಮೇಲೆ. ಗಾಳಿ ಘಟ್ಟ ಹತ್ತುತ್ತದೆ, ಕಣಿವೆಗಳಲ್ಲಿ ಒತ್ತಿಕೊಂಡು ನುಗ್ಗುತ್ತದೆ. ಹಾಗಾಗಿ ಬಯಲಿನಲ್ಲಿ ಬರೀ ಮಳೆಯಾದ ದಿನ ನಮ್ಮಲ್ಲಿ ಗಾಳಿಮಳೆ. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಈ ಗಾಳಿ ದಿನಗಟ್ಟಲೆ ಬಿಡದೆ ಬೀಸುತ್ತದೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ಗಾಳಿ ಒಂದು ಚದರ ಮೀಟರ್ ಹಲಗೆಯನ್ನು ಹೆಚ್ಚು ಕಡಿಮೆ 7 ಕೆಜಿ ತೂಕದಷ್ಟು ಬಲದಿಂದ ತಳ್ಳುತ್ತದೆ. 72 ಕಿಲೋಮೀಟರ್ ಆದರೆ ಅದೇ ಹಲಗೆಯ ಮೇಲೆ 30 ಕೆಜಿಯಷ್ಟು. ಮರದ ತಲೆಯಲ್ಲಿ ಇಂಥ ಎಷ್ಟು ಹಲಗೆಯಷ್ಟು ಎಲೆ ಇದೆ ಅಂತ ಯೋಚಿಸಿ. ಎಲೆ ಬಾಗಿ ಸ್ವಲ್ಪ ಗಾಳಿ ಬಿಟ್ಟುಕೊಡುತ್ತದೆ, ನಿಜ. ಆದರೂ ಬುಡಕ್ಕೆ ಬೀಳುವ ಎಳೆತ ಭಾರೀ ಇರುತ್ತದೆ.

ಬುಡವಾದರೂ ಗಟ್ಟಿಯಾಗಿರಬೇಕಲ್ವಾ? ತಿಂಗಳುಗಟ್ಟಲೆ ನೆನೆದ ಮಣ್ಣಿಗೆ ಬೇರನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಬೇಸಿಗೆಯಲ್ಲಿ ಇದೇ ಗಾಳಿಗೆ ಅಲುಗಾಡದೆ ನಿಂತ ಮರ ಜುಲೈನಲ್ಲಿ ಬೇರು ಸಮೇತ ಮಗುಚಿಕೊಳ್ಳುತ್ತದೆ. ರಸ್ತೆ ಅಗಲ ಮಾಡಲು ಧರೆ ಕಡಿದ ಕಡೆ ಇನ್ನೂ ಕಷ್ಟ. ಮರದ ಅರ್ಧ ಬೇರು ಗಾಳಿಯಲ್ಲೇ ನೇತಾಡುತ್ತಿರುತ್ತದೆ. ರಸ್ತೆ ಪಕ್ಕದ ಅಕೇಶಿಯಾ ನೆಡುತೋಪುಗಳ ಹರೆಗಳು ಬೇಗ ಮುರಿಯುತ್ತವೆ. ಬಿದಿರು ಮೆಳೆಯಂತೂ ಬೀಳಬೇಕೆಂದೇ ಇಲ್ಲ, ನೀರು ಕುಡಿದು ಭಾರವಾಗಿ ಬಾಗಿದರೆ ಸಾಕು, ಲೈನಿಗೆ ತಾಗುತ್ತದೆ.

ಇನ್ನು ಕರೆಂಟು. ಸಬ್‌ಸ್ಟೇಷನ್‌ನಿಂದ ಹಳ್ಳಿಗಳ ಕಡೆ ಹೊರಡುವುದು 11 ಸಾವಿರ ವೋಲ್ಟಿನ ಲೈನ್. ಇದಕ್ಕೆ ಫೀಡರ್ ಅನ್ನುತ್ತಾರೆ. ಪೇಟೆಯಲ್ಲಿ ಒಂದು ಫೀಡರ್ ಕೆಟ್ಟರೆ ಪಕ್ಕದ ಫೀಡರ್‌ನಿಂದ ಕರೆಂಟ್ ಕೊಡಬಹುದು. ಹಳ್ಳಿಯ ಕಡೆ ಹೆಚ್ಚಾಗಿ ಹಾಗಿಲ್ಲ. ಲೈನ್ ಮರದ ಕೊಂಬೆಯ ಹಾಗೆ ಒಂದೇ ಕಡೆಯಿಂದ ಹೊರಟು ಕವಲೊಡೆಯುತ್ತಾ ಹೋಗುತ್ತದೆ. ಕಾಡು, ಗದ್ದೆ, ಹಳ್ಳ ದಾಟಿ ಹತ್ತಿಪ್ಪತ್ತು ಕಿಲೋಮೀಟರ್. ದಾರಿಯಲ್ಲಿ ಎಲ್ಲಿ ಒಂದು ಕಡೆ ತುಂಡಾದರೂ ಅದರಿಂದಾಚೆ ಇರುವ ಎಲ್ಲ ಊರೂ ಕತ್ತಲೆ. ಕೊನೆಯ ಊರಿನವರಿಗೆ ಈ ಪೂರ್ತಿ ದಾರಿಯ ಒಂದೊಂದು ಮರವೂ ಅಪಾಯವೇ.

ಎಲ್ಲ ಸಲ ಮರ ಬಿದ್ದೇ ಕರೆಂಟ್ ಹೋಗಬೇಕೆಂದಿಲ್ಲ. ಎರಡು ಕಂಬಗಳ ನಡುವೆ ಸಡಿಲವಾಗಿ ಜೋತ ತಂತಿಗಳು ಗಾಳಿಗೆ ತೂಗಿ ಒಂದಕ್ಕೊಂದು ತಾಗುತ್ತವೆ. ಕಿಡಿ ಹಾರುತ್ತದೆ, ಸಬ್‌ಸ್ಟೇಷನ್‌ನಲ್ಲಿ ಬ್ರೇಕರ್ ಟ್ರಿಪ್ ಆಗಿ ಲೈನ್ ತಾನಾಗಿ ಬಂದ್ ಆಗುತ್ತದೆ. ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡುವುದು ಹೀಗೆ. ಅಲ್ಲಿರುವವರು ಒಂದೆರಡು ಸಲ ಮತ್ತೆ ಲೈನ್ ಚಾರ್ಜ್ ಮಾಡಿ, ಅಂದರೆ ಕರೆಂಟ್ ಬಿಟ್ಟು, ನೋಡುತ್ತಾರೆ. ನಿಲ್ಲದಿದ್ದರೆ ಲೈನಿನಲ್ಲಿ ಏನೋ ಬಿದ್ದಿದೆ ಅಂತ ಅರ್ಥ. ಆಗ ಒಬ್ಬರು ಹೊರಟು ಲೈನಿನುದ್ದಕ್ಕೂ ನೋಡುತ್ತಾ ಬರಬೇಕು.

ಆ ಒಬ್ಬರ ಕೆಲಸ ನೋಡಿದವರಿಗೆ ಮಾತ್ರ ಗೊತ್ತು. ಇಲಾಖೆಯ ಲೆಕ್ಕದಲ್ಲಿ ಅವರು ಪವರ್‌ಮ್ಯಾನ್, ಊರಿನವರಿಗೆ ಲೈನ್‌ಮ್ಯಾನ್. ಲೈನ್ ರಸ್ತೆ ಪಕ್ಕದಲ್ಲೇ ಇರುವುದಿಲ್ಲ. ಸೊಪ್ಪಿನ ಬೆಟ್ಟ ಹತ್ತಿ, ತೋಟ ಇಳಿದು, ಉಂಬಳ ಕಚ್ಚಿಸಿಕೊಂಡು ಕಂಬದಿಂದ ಕಂಬಕ್ಕೆ ನಡೆಯಬೇಕು. ಮರ ಸಿಕ್ಕಿದ ಮೇಲೆ ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅಂದರೆ ಕರೆಂಟ್ ಬಂದ್ ಆಗಿದೆ, ನೀವು ಹೇಳುವವರೆಗೆ ಚಾರ್ಜ್ ಮಾಡುವುದಿಲ್ಲ ಅನ್ನುವ ಖಾತ್ರಿ. ಆ ಖಾತ್ರಿ ಸಿಗುವುದು ಫೋನಿನಲ್ಲಿ. ಫೋನಿಗೆ ನೆಟ್‌ವರ್ಕ್ ಇಲ್ಲದಿದ್ದರೆ ಅವರು ಮತ್ತೆ ಸಿಗ್ನಲ್ ಸಿಗುವ ಗುಡ್ಡಕ್ಕೆ ಹೋಗಬೇಕು. ಕರೆಂಟ್ ಇಲ್ಲದೆ ನೆಟ್‌ವರ್ಕ್ ಹೋಯಿತು, ನೆಟ್‌ವರ್ಕ್ ಇಲ್ಲದೆ ಕರೆಂಟ್ ರಿಪೇರಿ ತಡವಾಯಿತು. ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವುದು ಈ ಗಂಟು.

ಹಾಗಾದರೆ ಟವರ್? ಟವರೇ ಗಾಳಿಗೆ ಬೀಳುತ್ತದೆ ಅಂತ ಹಲವರು ತಿಳಿದಿದ್ದಾರೆ. ಅದು ತೀರಾ ಅಪರೂಪ. ಎಷ್ಟು ಗಾಳಿಯನ್ನು ಲೆಕ್ಕಕ್ಕೆ ಹಿಡಿದು ಕಟ್ಟಡ, ಟವರ್ ಕಟ್ಟಬೇಕು ಅನ್ನುವುದಕ್ಕೆ ದೇಶದಲ್ಲಿ ಒಂದು ಮಾನದಂಡ ಇದೆ. ಅದರಲ್ಲಿ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33 ಮೀಟರ್ ವೇಗ ಕೊಟ್ಟಿದ್ದಾರೆ. 39 ಮೀಟರ್ ಅಂದರೆ ಗಂಟೆಗೆ 140 ಕಿಲೋಮೀಟರ್. ಕಬ್ಬಿಣದ ಜಾಲರಿಯ ಟವರ್ ನಮ್ಮ ಮಳೆಗಾಲದ ಗಾಳಿಯನ್ನು ತಡೆಯುತ್ತದೆ. ಸೋಲುವುದು ಅದರ ಬುಡದಲ್ಲಿರುವ ಬ್ಯಾಟರಿ.

ಕರೆಂಟ್ ಹೋದ ಕೂಡಲೇ ಟವರ್ 48 ವೋಲ್ಟಿನ ಬ್ಯಾಟರಿಗೆ ಬರುತ್ತದೆ. ಬ್ಯಾಟರಿ ಹೊಸದಿದ್ದರೆ ಕೆಲವು ಗಂಟೆ ನಡೆಯುತ್ತದೆ. ಆಮೇಲೆ ಡೀಸೆಲ್ ಜನರೇಟರ್ ಓಡಬೇಕು. ಜನರೇಟರ್ ಇಲ್ಲದ, ಇದ್ದರೂ ಡೀಸೆಲ್ ಹಾಕುವವರಿಲ್ಲದ ಟವರ್‌ಗಳು ಅಲ್ಲಿಗೆ ಸ್ತಬ್ಧ. ಗಾಳಿ ಬೀಸಿದ ಎಷ್ಟೋ ಹೊತ್ತಿನ ಮೇಲೆ ನೆಟ್‌ವರ್ಕ್ ಹೋಗುವುದು ಇದೇ ಕಾರಣಕ್ಕೆ. ಎರಡನೇ ದಿನ ಇನ್ನೂ ಬೇಗ ಹೋಗುತ್ತದೆ, ಗಮನಿಸಿದ್ದೀರಾ? ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು ಹಲವು ಗಂಟೆ ಕರೆಂಟ್ ಬೇಕು. ನಡುವೆ ಒಂದೇ ಗಂಟೆ ಬಂದು ಹೋದರೆ ತುಂಬುವುದು ಸ್ವಲ್ಪವೇ. ಹೀಗೆ ಮತ್ತೆ ಮತ್ತೆ ತಳ ಕಂಡರೆ ಸೀಸ-ಆಮ್ಲದ ಬ್ಯಾಟರಿಯ ಆಯಸ್ಸೂ ಕುಗ್ಗುತ್ತದೆ. ಎರಡು ಮಳೆಗಾಲ ಕಂಡ ಬ್ಯಾಟರಿ ಮೂರನೆಯದರಲ್ಲಿ ಅರ್ಧ ಗಂಟೆಗೇ ಕೈ ಎತ್ತಬಹುದು. ಸೋಲಾರ್ ಹಾಕಬಹುದಲ್ಲ ಅಂತ ಕೇಳುತ್ತಾರೆ. ಹಾಕಬಹುದು, ಆದರೆ ಸೂರ್ಯನ ಮುಖ ಕಾಣದ ಪುಷ್ಯ ಮಳೆಯಲ್ಲಿ ಅದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಕಡ್ಡಿ ಫುಲ್, ನೆಟ್ ಇಲ್ಲ. ಫೋನಿನ ಕಡ್ಡಿ ತೋರಿಸುವುದು ನಿಮ್ಮ ಫೋನಿಗೂ ಟವರಿಗೂ ನಡುವಿನ ಸಂಬಂಧವನ್ನು ಮಾತ್ರ. ಟವರ್‌ನಿಂದ ಮುಂದೆ, ಪೇಟೆಯ ಕಡೆಗೆ, ಇನ್ನೊಂದು ದಾರಿ ಇದೆ. ಆ ದಾರಿ ಕಡಿದಿದ್ದರೆ ಟವರ್ ಜೀವಂತವಾಗಿದ್ದೂ ಮೂಕ. ಬಸ್‌ಸ್ಟ್ಯಾಂಡಿನಲ್ಲಿ ಬಸ್ ನಿಂತಿದೆ, ಮುಂದೆ ಸೇತುವೆ ಕೊಚ್ಚಿಹೋಗಿದೆ ಅನ್ನುವ ಹಾಗೆ. ಬಸ್ ಇದೆಯಲ್ಲ ಅಂತ ಹತ್ತಿ ಕೂತರೆ ಪ್ರಯೋಜನ ಇಲ್ಲ.

ಆ ಮುಂದಿನ ದಾರಿ ಎರಡು ಬಗೆಯದು. ಒಂದು ಮೈಕ್ರೋವೇವ್. ಟವರ್ ಮೇಲೆ ಡೋಲಿನ ಹಾಗೆ ದುಂಡಗೆ ಕಾಣುವುದು ಅದರ ಆಂಟೆನಾ. ಗುಡ್ಡದಿಂದ ಗುಡ್ಡಕ್ಕೆ ಟಾರ್ಚ್ ಬಿಟ್ಟ ಹಾಗೆ ಅದು ಸಣ್ಣ ಕಿರಣ ಕಳಿಸುತ್ತದೆ. ಕಿರಣ ಸಣ್ಣದಾದ್ದರಿಂದ ಗುರಿ ತಪ್ಪಬಾರದು. 10 ಕಿಲೋಮೀಟರ್ ದೂರದ ಟವರ್‌ಗೆ ಗುರಿಯಿಟ್ಟ ಆಂಟೆನಾ ಗಾಳಿಗೆ ಒಂದೇ ಒಂದು ಡಿಗ್ರಿ ತಿರುಗಿದರೂ ಕಿರಣದ ನಡುಭಾಗ ಅಲ್ಲಿ 175 ಮೀಟರ್ ಆಚೆ ಬೀಳುತ್ತದೆ. ಬೋಲ್ಟ್ ಸ್ವಲ್ಪ ಸಡಿಲವಾಗಿದ್ದರೆ ಇಷ್ಟು ತಿರುಗಲು ಹೆಚ್ಚು ಹೊತ್ತು ಬೇಡ. ಜೊತೆಗೆ ದಪ್ಪ ಹನಿಯ ಮಳೆ ಈ ಕಿರಣವನ್ನು ಹೀರುತ್ತದೆ. ಮಳೆ ಜೋರಾದಾಗ ನೆಟ್ ಹೋಗಿ, ಹೊಳವಾದ ಹತ್ತೇ ನಿಮಿಷಕ್ಕೆ ತಾನಾಗಿ ಬಂದರೆ ಇದೇ ಇರಬಹುದು.

ಇನ್ನೊಂದು ಫೈಬರ್. ಇದು ಗಾಜಿನ ಎಳೆ. ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರೊಳಗೆ ಬೆಳಕು ಹರಿಯುವ ನಡುಭಾಗವಂತೂ ನಮ್ಮ ಕೂದಲಿಗಿಂತ ಎಷ್ಟೋ ಸಣ್ಣದು. ನೆಲದಡಿ ಹೂತರೆ ಗಾಳಿಗೆ ಏನೂ ಆಗುವುದಿಲ್ಲ. ಆದರೆ ಕಲ್ಲುನೆಲದ ಘಟ್ಟದಲ್ಲಿ ಕಿಲೋಮೀಟರುಗಟ್ಟಲೆ ಅಗೆಯಲು ದುಡ್ಡು ಜಾಸ್ತಿ ಬೇಕು. ಕಾಡಿನೊಳಗೆ ಅಗೆಯಲು ಅನುಮತಿಯೂ ಬೇಕು. ಅದಕ್ಕೇ ಕರೆಂಟ್ ಕಂಬದಿಂದ ಕಂಬಕ್ಕೆ ಕಟ್ಟಿಕೊಂಡು ಬರುತ್ತಾರೆ, ಕೆಲವು ಕಡೆ ಮರದಿಂದ ಮರಕ್ಕೂ. ಹಳ್ಳಿಯಲ್ಲಿ ಮನೆಮನೆಗೆ ಫೈಬರ್ ಇಷ್ಟು ಬೇಗ ಬಂದದ್ದು ಹೀಗೆ ಕಟ್ಟಿದ್ದರಿಂದಲೇ. ನಮ್ಮಂಥ ಎಷ್ಟೋ ಮಕ್ಕಳು ಊರಿಗೆ ಬಂದು ಮನೆಯಲ್ಲೇ ಕೂತು ಕೆಲಸ ಮಾಡುವಂತಾದದ್ದೂ ಅದರಿಂದಲೇ. ಹಾಗಾಗಿ ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಕಂಬಕ್ಕೆ ಮರ ಬಿದ್ದರೆ ಕರೆಂಟೂ ಫೈಬರೂ ಒಟ್ಟಿಗೇ ಹೋಗುತ್ತವೆ. ಎರಡು ದಾರಿ ಇದ್ದಂತೆ ಕಂಡರೂ ಅವು ನೇತಾಡುತ್ತಿರುವುದು ಒಂದೇ ಕಂಬದಲ್ಲಿ.

ಕಂಬ ಎತ್ತಿ ತಂತಿ ಎಳೆದರೆ ಕರೆಂಟ್ ಬರುತ್ತದೆ. ಫೈಬರ್ ಹಾಗಲ್ಲ. ತುಂಡಾದ ಜಾಗ ಹುಡುಕಬೇಕು. ಅದಕ್ಕೊಂದು ಮೀಟರ್ ಇದೆ. ಎಳೆಯೊಳಗೆ ಬೆಳಕು ಬಿಟ್ಟು, ಅದು ಮರಳುವ ಹೊತ್ತು ಅಳೆದು, ಇಷ್ಟು ದೂರದಲ್ಲಿ ತುಂಡಾಗಿದೆ ಅಂತ ಹೇಳುತ್ತದೆ. ಆಮೇಲೆ ಎರಡು ತುದಿಯನ್ನೂ ಶುಚಿ ಮಾಡಿ, ಸ್ಪ್ಲೈಸಿಂಗ್ ಮಷಿನ್‌ನಲ್ಲಿಟ್ಟು, ಕಿಡಿಯಲ್ಲಿ ಕರಗಿಸಿ ಬೆಸೆಯಬೇಕು. ಜಡಿಮಳೆಯಲ್ಲಿ ಕೊಡೆ ಹಿಡಿದು, ಜೀಪಿನ ಹಿಂದೆ ಟಾರ್ಪಾಲು ಕಟ್ಟಿ ಹುಡುಗರು ಈ ಕೆಲಸ ಮಾಡುವುದನ್ನು ನೋಡಿದ್ದೇನೆ. ಒಂದು ಹನಿ ನೀರು, ಒಂದು ಧೂಳಿನ ಕಣ ನಡುವೆ ಬಂದರೆ ಮತ್ತೆ ಮೊದಲಿಂದ. ಇಂಥ ಮಷಿನ್ ಒಂದೇ ಇದ್ದು ಇಪ್ಪತ್ತು ಕಡೆ ತುಂಡಾಗಿದ್ದರೆ, ಕೊನೆಯ ಊರಿನ ಸರದಿ ಮೂರನೇ ದಿನಕ್ಕೇ ಬರುವುದು.

ಕೆಲವು ಸಲ ಎಳೆ ತುಂಡಾಗಿಯೇ ಇರುವುದಿಲ್ಲ. ಹರೆಯೊಂದು ಕೇಬಲ್ ಮೇಲೆ ಕೂತು ಅದನ್ನು ಬಗ್ಗಿಸಿರುತ್ತದೆ. ಫೈಬರ್ ಜಾಸ್ತಿ ಬಗ್ಗಿದರೆ ತಿರುವಿನಲ್ಲಿ ಬೆಳಕು ಹೊರಗೆ ಸೋರುತ್ತದೆ. ಮನೆ ತಲುಪುವ ಬೆಳಕು ಮಂಕಾಗುತ್ತದೆ. ಫೈಬರ್ ಹುಡುಗರು ಮೀಟರ್ ಹಿಡಿದು "ಮೈನಸ್ 27 ತೋರಿಸ್ತಿದೆ, ನಿಲ್ಲಲ್ಲ" ಅನ್ನುವುದು ಇದನ್ನೇ. ಆಗ ವೈಫೈ ಬಂದು ಬಂದು ಹೋಗುತ್ತದೆ, ವಿಡಿಯೋ ಕಾಲ್ ನಿಂತು ನಿಂತು ಹೋಗುತ್ತದೆ. ಮನೆಯ ವೈಫೈ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಅನ್ನುವ ಕೆಂಪು ದೀಪ ಮಿಟುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ರೀಸ್ಟಾರ್ಟ್ ಮಾಡಿ ಏನೂ ಉಪಯೋಗವಿಲ್ಲ.

ಹಳೆಯ ಲ್ಯಾಂಡ್‌ಲೈನ್ ನೆನಪಾಗುತ್ತದೆ. ಅದರ ತಾಮ್ರದ ತಂತಿಯಲ್ಲೇ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು. ಊರಲ್ಲೆಲ್ಲ ಕತ್ತಲಿದ್ದರೂ ರಿಸೀವರ್ ಎತ್ತಿದರೆ ಟೋನ್ ಕೇಳುತ್ತಿತ್ತು. ಗಾಜಿನಲ್ಲಿ ಬೆಳಕು ಹರಿಯುತ್ತದೆ, ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಫೈಬರ್ ಸರಿಯಿದ್ದರೂ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೆ ಪೆಟ್ಟಿಗೆ ಕೆಲಸ ಮಾಡುವುದಿಲ್ಲ.

ಇದೆಲ್ಲ ಬರೀ ವಿಡಿಯೋ ನೋಡುವವರ ಕಷ್ಟವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟರೆ ಮಾತ್ರ ಅಕ್ಕಿ. ಹೆಬ್ಬೆಟ್ಟು ಹೊಂದುತ್ತದೋ ಇಲ್ಲವೋ ಅಂತ ಹೇಳುವುದು ದೂರದ ಸರ್ವರ್. ಮೂರು ಮೈಲಿ ನಡೆದು ಬಂದ ಅಜ್ಜಿಗೆ "ಸರ್ವರ್ ಇಲ್ಲ, ನಾಳೆ ಬನ್ನಿ" ಅಂದರೆ ಅವರು ಕೂತು ಕಾಯುತ್ತಾರೆ, ಸಂಜೆಯವರೆಗೂ. ಗಾಳಿಮಳೆ ಜೋರಾದ ದಿನ ಶಾಲೆಗೆ ರಜೆ ಕೊಟ್ಟದ್ದು ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಯಾವ ಊರಿನ ಮಕ್ಕಳಿಗೆ ಆ ರಜೆ ಎಲ್ಲರಿಗಿಂತ ಹೆಚ್ಚು ಬೇಕೋ, ಆ ಊರಿಗೇ ಸುದ್ದಿ ತಲುಪಿರುವುದಿಲ್ಲ. ಮಕ್ಕಳು ಕಾಲುಸಂಕ ದಾಟಿ ಶಾಲೆಗೆ ಹೋಗಿ ವಾಪಸ್ ಬರುತ್ತಾರೆ. ಅಡಿಕೆ ತೋಟಕ್ಕೆ ಔಷಧಿ ಹೊಡೆಯಲು ಎರಡು ದಿನ ಹೊಳವು ಸಿಗುತ್ತದೋ ಅಂತ ಹವಾಮಾನ ನೋಡಬೇಕು. ನೋಡಲು ನೆಟ್ ಇಲ್ಲ. ಆ ಎರಡು ದಿನ ತಪ್ಪಿದರೆ ಕೊಳೆ ಬಂದು ಕಾಯಿ ಉದುರುತ್ತದೆ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಕರೆ ಮಾಡಲೂ ಗುಡ್ಡ ಹತ್ತಬೇಕು.

2020 ಮತ್ತು 2021ರಲ್ಲಿ ಶಾಲೆಗಳು ಆನ್‌ಲೈನ್ ಆದಾಗ ಇದು ಹೊರಗಿನವರಿಗೂ ಕಂಡಿತು. ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ಎಷ್ಟೋ ಜನ ನೋಡಿದ್ದಾರೆ. ಅದೇ ಕಾಲದಲ್ಲಿ ಮಲೆನಾಡಿನ ಕೆಲವು ಊರುಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅನ್ನುವ ಕೂಗು ಎದ್ದಿತ್ತು.

ಇಷ್ಟನ್ನೂ ನೋಡಿದರೆ ನನಗೆ ಕಾಣುವುದು ಒಂದೇ. ತೊಂದರೆ ದೂರದ್ದಲ್ಲ, ಒಂಟಿ ಎಳೆಯದ್ದು. ಸಾಗರ ತಾಲೂಕಿನ ತುಮರಿ ಕಡೆಯವರನ್ನು ಕೇಳಿ. ಲಿಂಗನಮಕ್ಕಿ ಅಣೆಕಟ್ಟಾಗಿ ಶರಾವತಿ ಹಿನ್ನೀರು ತುಂಬಿದ ಮೇಲೆ ಅವರಿಗೆ ಸಾಗರಕ್ಕೆ ಹತ್ತಿರದ ದಾರಿ ಅಂದರೆ ಲಾಂಚ್. ಗಾಳಿ ಜೋರಾಗಿ ಲಾಂಚ್ ನಿಂತರೆ ಬಳಸು ದಾರಿ ಹಿಡಿಯಬೇಕಿತ್ತು, ಇಲ್ಲವೇ ದಡದಲ್ಲಿ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಆಯಿತು. ಊರು ಇದ್ದಲ್ಲೇ ಇದೆ, ಗಾಳಿಯೂ ಅದೇ. ಇನ್ನೊಂದು ದಾರಿ ಬಂತು, ಅಷ್ಟೇ.

ನೆಟ್‌ಗೂ ಕರೆಂಟ್‌ಗೂ ಬೇಕಾದದ್ದು ಇಂಥ ಇನ್ನೊಂದು ದಾರಿ. ಫೈಬರನ್ನು ಉಂಗುರದ ಹಾಗೆ ಸುತ್ತಿಸಿದರೆ ಒಂದು ಕಡೆ ತುಂಡಾದರೂ ಬೆಳಕು ಇನ್ನೊಂದು ಕಡೆಯಿಂದ ಬರುತ್ತದೆ. ಹಳ್ಳಿಗಳಿಗೆ ಫೈಬರ್ ತರುವ ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳನ್ನು ಹೀಗೆ ಉಂಗುರದಲ್ಲಿ ಜೋಡಿಸಬೇಕೆಂದು 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ಅದಕ್ಕೆ ಇಟ್ಟ ಮೊತ್ತ ಸುಮಾರು 1.39 ಲಕ್ಷ ಕೋಟಿ ರೂಪಾಯಿ. ನಮ್ಮ ಪಂಚಾಯಿತಿಗೆ ಉಂಗುರ ಬಂದಿದೆಯೋ, ಬರೀ ಒಂದು ಬಾಲ ಬಂದಿದೆಯೋ ಅಂತ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ, ಕೇಳಬೇಕು. ಕರೆಂಟಿನಲ್ಲಿ ಬರಿ ತಂತಿಯ ಬದಲು ಹೊದಿಕೆ ಇರುವ ಕೇಬಲ್ ಹಾಕಿದರೆ ಹರೆ ತಾಗಿದ ಮಾತ್ರಕ್ಕೆ ಲೈನ್ ಟ್ರಿಪ್ ಆಗುವುದಿಲ್ಲ. ಇದಕ್ಕೆಲ್ಲ ಮೊದಲು ಆಗಬೇಕಾದದ್ದು ಮಳೆಗಾಲಕ್ಕೆ ಮುಂಚೆ ಲೈನ್ ಪಕ್ಕದ ಹರೆ ಸವರುವ ಜಂಗಲ್ ಕಟಿಂಗ್. 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳ ತಲುಪಿತು. ಮೇ ಕೊನೆಗೆ ಮಾಡಿದರಾಯಿತು ಅನ್ನುವ ಲೆಕ್ಕ ಇನ್ನು ನಡೆಯುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ವೈಫೈ ಪೆಟ್ಟಿಗೆಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಫೈಬರ್ ಉಳಿದಿದ್ದರೆ ಕರೆಂಟ್ ಹೋದ ಮೇಲೂ ಕೆಲವು ಗಂಟೆ ನೆಟ್ ನಡೆಯುತ್ತದೆ. ನೆಟ್‌ವರ್ಕ್ ಹೋದ ಫೋನ್ ಟವರ್ ಹುಡುಕುತ್ತಾ ತನ್ನ ಬ್ಯಾಟರಿ ತಿನ್ನುತ್ತದೆ, ಏರೋಪ್ಲೇನ್ ಮೋಡ್‌ಗೆ ಹಾಕಿಡಿ. ಮನೆಯಲ್ಲಿ ಸ್ವಲ್ಪ ನೋಟು ಇಟ್ಟಿರಿ. ಜನರೇಟರ್ ಇರುವವರಿಗೆ ಕೈಮುಗಿದು ಒಂದು ಮಾತು: ಚೇಂಜ್‌ಓವರ್ ಸ್ವಿಚ್ (ಜನರೇಟರ್ ಓಡುವಾಗ ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಸ್ವಿಚ್) ಇಲ್ಲದೆ ಮನೆಯ ವೈರಿಂಗಿಗೆ ಜೋಡಿಸಬೇಡಿ. ನಿಮ್ಮ ಮನೆಯ 230 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದಕ್ಕೆ ಹೋಗಿ ಲೈನಿನಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಕ್ಲಿಯರ್ ತೆಗೆದುಕೊಂಡು ಕಂಬ ಹತ್ತಿದ ಮನುಷ್ಯನ ಜೀವ ಹೋಗುತ್ತದೆ. ಬಿದ್ದ ತಂತಿಯ ಹತ್ತಿರವಂತೂ ಹೋಗಲೇಬೇಡಿ. ಕರೆಂಟ್ ಇಲ್ಲ ಅಂತ ಕಂಡರೂ ಅದು ಯಾವ ಗಳಿಗೆಯಲ್ಲಾದರೂ ಬರಬಹುದು, ಒದ್ದೆ ನೆಲದಲ್ಲೂ ಹರಿಯುತ್ತದೆ. ದೂರ ನಿಂತು 1912ಕ್ಕೆ ತಿಳಿಸಿ.

ಹೋದ ಮಳೆಗಾಲದಲ್ಲಿ ನಮ್ಮ ಕಡೆ ಬಂದ ಲೈನ್‌ಮ್ಯಾನ್ ಒಬ್ಬರಿಗೆ ಬಿಸಿ ಕಾಫಿ ಕೊಡುತ್ತಾ ಕೇಳಿದೆ, "ನಮ್ಮಿಂದ ಏನು ಸಹಾಯ ಆಗ್ತದೆ ಮಾರಾಯ್ರೇ?" ಅವರು ಹೇಳಿದ್ದು ಇಷ್ಟು: "ಮರ ಬಿದ್ದಿದೆ ಅಂತ ಎಲ್ರೂ ಹೇಳ್ತಾರೆ. ಎಲ್ಲಿ ಅಂತ ಯಾರೂ ಹೇಳಲ್ಲ. ಯಾವ ಕಂಬ ಅಂತ ಗೊತ್ತಾದ್ರೆ ನಂಗೆ ಅರ್ಧ ದಿನದ ನಡಿಗೆ ಉಳೀತದೆ."

ಈ ಮೇ ತಿಂಗಳಲ್ಲಿ ನಾವು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಲೈನಿನುದ್ದಕ್ಕೂ ನಡೆದೆವು. ಕಂಬದ ನಂಬರ್ ಮಾಸಿದ ಕಡೆ ನಮಗೆ ತಿಳಿಯುವ ಗುರುತು ಹಾಕಿಕೊಂಡೆವು: ಹಲಸಿನ ಮರದ ಕಂಬ, ಕೆರೆ ಏರಿಯ ಕಂಬ, ದೊಡ್ಡ ಬಂಡೆಯ ಕಂಬ. ಟ್ರಾನ್ಸ್‌ಫಾರ್ಮರ್ ನಂಬರ್ ಜೊತೆಗೆ ಆ ಪಟ್ಟಿಯನ್ನು ಲೈನ್‌ಮ್ಯಾನ್ ಅವರಿಗೂ ಕೊಟ್ಟಿದ್ದೇವೆ. ಇನ್ನೊಂದು ಪ್ರತಿ ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಇದೆ.